ಹೂಂ ಅನ್ನದಿದ್ದರೆ ಕಟ್

ಗೆಳೆಯರೇ, ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಇವತ್ತು ಬೆಳಿಗ್ಗೆ ನನಗೆ ಸರಿಯಾಗಿ ಬೈಗುಳ ಬಿತ್ತು. ನೆಟ್‌ವರ್ಕ್ ರಿಪೇರಿ ನನ್ನ ಕೆಲಸ.

"ಏನ್ರೀ ನಿಮ್ ನೆಟ್ಟು! ರೈತರ ಹತ್ರ ನಾಲ್ಕು ಮಾತಾಡಿ ತಿರುಗೋದ್ರೊಳಗೆ ಕಟ್ಟಾಗಿರ್ತೈತೆ!" ಎಂದರು ಮಂಡಿ ಸಾಹುಕಾರರು.

ನೋಡಿದರೆ ಲೈನು ಚೆನ್ನಾಗಿಯೇ ಇದೆ. ಸ್ವಲ್ಪ ಹೊತ್ತು ಕಂಪ್ಯೂಟರಿನಿಂದ ಯಾವ ಸಂದೇಶವೂ ಬರದಿದ್ದರೆ, ಅಲ್ಲಿ ಯಾರೂ ಇಲ್ಲವೆಂದು ತಿಳಿದು ಸಂಪರ್ಕ ಕಡಿಯುವಂತೆ ರೂಟರ್‌ನಲ್ಲಿ ಯಾರೋ ಟೈಮ್‌ಔಟ್ ಇಟ್ಟುಬಿಟ್ಟಿದ್ದಾರೆ.

ಥೇಟ್ ನಮ್ಮ ಹುಲಿಕೆರೆ ಅಜ್ಜಿ! ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ರಾಜರ ಕಥೆ ಹೇಳುತ್ತಿದ್ದಳು. ನಾನು ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಕೇಳೋರಿಲ್ದೆ ಗೋಡೆಗೆ ಹೇಳ್ಬೇಕಾ?" ಆಮೇಲೆ ಕಾಡಿ ಬೇಡಿ ಮೊದಲಿಂದ ಶುರು ಮಾಡಿಸಬೇಕು.

ಇದನ್ನೇ ಸಾಹುಕಾರರಿಗೆ ಹೇಳಿದೆ. ಅವರ ಸಿಟ್ಟು ಇಳಿಯಿತು. "ನಮ್ಮವ್ವನೂ ಹಂಗೇ ಕಣ್ರೀ. ಆದ್ರೆ ಇದಕ್ಕೆ ಹೂಂ ಅನ್ನೋರು ಯಾರು?"

"ಕಂಪ್ಯೂಟರೇ ಅನ್ನುತ್ತೆ ಬಿಡಿ" ಎಂದು, ನಿಮಿಷಕ್ಕೊಮ್ಮೆ ಅದು ತಾನಾಗಿಯೇ ರೂಟರ್‌ಗೆ ಒಂದು ಪುಟ್ಟ ಸಂದೇಶ ಕಳಿಸುವಂತೆ ಮಾಡಿ ಬಂದೆ.

ರೂಟರ್ ಪಾಪ, ನಂಬುತ್ತದೆ. ಅಜ್ಜಿಯಾಗಿದ್ದರೆ ಕೈಲಿದ್ದ ಕಾಯಿ ಬಿಟ್ಟು ಕೇಳುತ್ತಿದ್ದಳು: "ಬರೀ ಹೂಂ ಅಂತೀಯಲ್ಲ, ರಾಜ ಎಲ್ಲಿಗೆ ಹೋದ ಹೇಳ್ಲಾ ನೋಡಾನ?"