ಸೆಂಟ್ ರಬ್ಬರಿನ ಮೇಡಂ

ಮೊನ್ನೆ ಅಂಗಡಿಗೆ ಶಾಲೆ ಸಾಮಾನು ಬಂತು. ಪೆನ್ಸಿಲ್ಲು, ಸ್ಕೇಲು, ಬಣ್ಣದ ಹಾಳೆಗಳ ಅಡಿಯಲ್ಲಿ ಸೆಂಟ್ ರಬ್ಬರಿನ ಒಂದು ಡಬ್ಬ. ಮುಚ್ಚಳ ತೆಗೆದದ್ದೇ ತಡ, ಸ್ಟ್ರಾಬೆರಿಯದೆಂದು ಹೇಳಿಕೊಳ್ಳುವ ಆ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ನಮ್ಮ ಸೊರಬದಲ್ಲಿ ಸ್ಟ್ರಾಬೆರಿ ತಿಂದವರು ಎಷ್ಟು ಮಂದಿಯೋ ಕಾಣೆ, ಅದರ ವಾಸನೆ ಮಾತ್ರ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನನಗೆ ಆ ವಾಸನೆಗೆ ಶಾಲೆ ನೆನಪಾಗುವುದಿಲ್ಲ. ಬಿಚ್ಚಿಟ್ಟ ಕಂಪ್ಯೂಟರು ನೆನಪಾಗುತ್ತದೆ, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತ ಮೇಡಂ ನೆನಪಾಗುತ್ತಾರೆ...

ಶಿಕಾರಿಪುರದಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾನು ಅಲ್ಲಿಯೇ ಬೆರಳು ಪಳಗಿಸಿಕೊಂಡವಳು. ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂದಾಗ ತಲೆ ಮೇಲೆ ಕೈ ಹೊತ್ತು ಕೂರುವ ಜಾಯಮಾನ ಅವರದಲ್ಲ. ಹಳೆಯ ಯಂತ್ರಗಳನ್ನು ಒಂದೊಂದಾಗಿ ಮಾರಿ ಅದೇ ಬೆಂಚುಗಳ ಮೇಲೆ ಕಂಪ್ಯೂಟರು ತಂದಿಟ್ಟರು. ರಿಪೇರಿಗೆಂದು ಬರುತ್ತಿದ್ದವನು ಇವತ್ತು ನಾಳೆ ಎಂದು ಸತಾಯಿಸತೊಡಗಿದಾಗ ತಾವೇ ಸ್ಕ್ರೂಡ್ರೈವರ್ ಹಿಡಿದು ಕೂತರು. ಕೆಲಸದಷ್ಟೇ ಜಂಬವೂ ಇತ್ತು. "ನನ್ ಕೈಯಾಗ ರೆಡಿ ಆಗ್ಲಿಲ್ಲ ಅಂದ್ರ ಅದು ಕಂಪ್ಯೂಟ್ರೇ ಅಲ್ಲ, ಡಬ್ಬ" ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಅವರದೊಂದು ಪದ್ಧತಿ ನಮಗೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ಯಾರೇ ಕೆಟ್ಟ ಕಂಪ್ಯೂಟರು ತರಲಿ, ಅದರ ಸ್ವಿಚ್ಚನ್ನು ಮೊದಲು ಮುಟ್ಟುತ್ತಿರಲಿಲ್ಲ. ತಂದವರನ್ನು ಕೂರಿಸಿ, ನೀರು ಕೊಟ್ಟು, ವಿಚಾರಣೆ ಶುರು ಮಾಡುತ್ತಿದ್ದರು. ಯಾವಾಗಿನಿಂದ ಹೀಗೆ, ಕೊನೆಗೆ ಮುಟ್ಟಿದ್ದು ಯಾರು, ಯಾರ ಪೆನ್ ಡ್ರೈವ್ ಚುಚ್ಚಿದಿರಿ, ಕರೆಂಟ್ ಹೋಗಿತ್ತಾ... ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ತಂದವರು ಬೇಸತ್ತು ಕಂಪ್ಯೂಟರಿನ ಕಡೆ ಕೈ ಮಾಡಿದರೆ, "ಅದಕ್ಕ ಬಾಯಿಲ್ಲ, ನಿಮಗ ಐತಲ್ಲ" ಎನ್ನುತ್ತಿದ್ದರು.

ನಾನು ಸೊರಬದ ಬಸ್ ನಿಲ್ದಾಣದ ಪಕ್ಕದಲ್ಲಿ ಡಿಟಿಪಿ ಅಂಗಡಿ ಹಾಕಿದಾಗ ಅವರ ಹಳೆಯ ಕಂಪ್ಯೂಟರೊಂದನ್ನೇ ತಂದೆ. ಜೋಡಿಸಿಕೊಡಲು ಅವರೇ ಬಸ್ಸು ಹತ್ತಿ ಬಂದರು. ಆಗ ನನ್ನ ಅಪ್ಪ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಅಪ್ಪನ ಕೆಲಸವೆಂದರೆ ಮೈಕಿನಲ್ಲಿ ಬಸ್ಸು ಕೂಗುವುದು. "ಜಡೆ, ಜಡೆ, ಜಡೆ... ಜಡೆಗೆ ಹೋಗೋರು ಹತ್ಕೊಳ್ರೀ" ಎಂದು ಅವರು ಎಳೆದು ಕೂಗಿದರೆ ಸಂತೆಯ ಗದ್ದಲದಲ್ಲಿದ್ದವರೂ ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು. ಉಳವಿಯ ಬಸ್ಸಿಗೆ ಬೇರೆಯೇ ರಾಗ. ಆದರೆ ಆ ಹೊತ್ತಿಗೆ ಅಪ್ಪನ ದನಿ ಒಡೆಯತೊಡಗಿತ್ತು. ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮನೆಯಲ್ಲಿ ನಾವು ಅಳುವುದು ಬಿಟ್ಟು ಬೇರೇನೂ ಯೋಚಿಸಿರಲಿಲ್ಲ.

ಮೇಡಂ ಸುದ್ದಿ ಕೇಳಿ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದು, ಕಂಪ್ಯೂಟರಿಗೆ ಒಂದು ಸಣ್ಣ ಮೈಕು ಚುಚ್ಚಿ, ಅಪ್ಪನನ್ನು ಎಳೆದು ತಂದು ಕೂರಿಸಿದರು. "ಏಜೆಂಟ್ರೇ, ಇರೋ ಬಸ್ಸೆಲ್ಲ ಕೂಗ್ರಿ" ಎಂದರು. ಅಪ್ಪ ನಾಚಿಕೊಂಡರು. ಬಸ್ಸೇ ಇಲ್ಲದೆ ಹೇಗೆ ಕೂಗುವುದು ಎಂದರು. ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದೊಂದೇ ಊರಿನ ಹೆಸರು ಕೂಗಿದರು. ಆ ದಿನ ದನಿ ಹೇಗೋ ಏನೋ, ಚೆನ್ನಾಗಿಯೇ ಇತ್ತು.

ಆಪರೇಷನ್ ಆಯಿತು, ಅಪ್ಪ ಉಳಿದರು, ದನಿ ಹೋಯಿತು. ಆದರೆ ನಿಲ್ದಾಣಕ್ಕೆ ಆ ದನಿ ಹೋಗಲಿಲ್ಲ. ರೆಕಾರ್ಡಿಂಗನ್ನು ನಾನು ಊರೂರಿಗೆ ಬೇರೆ ಬೇರೆಯಾಗಿ ಕತ್ತರಿಸಿಟ್ಟೆ. ಅಂಗಡಿಯಿಂದ ನಿಲ್ದಾಣದ ಮೈಕಿಗೆ ಒಂದು ವೈರು ಎಳೆದೆವು. ಬಸ್ಸು ಬಂದು ನಿಂತರೆ ಅಪ್ಪ ಮೌಸ್ ಹಿಡಿದು ಆ ಊರಿನ ಮೇಲೆ ಒತ್ತುವರು. ಹೊರಗೆ ಅವರದೇ ದನಿ ಕೂಗುವುದು. ಮಾತು ಕಳೆದುಕೊಂಡ ಮನುಷ್ಯ ಮತ್ತೆ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಡುವುದನ್ನು ನೋಡಿದಾಗ ನನಗೆ ಆದ ಸಂತೋಷ ಇಂದಿಗೂ ಹಾಗೇ ಇದೆ.

ತೊಂದರೆ ಬಂದದ್ದು ಬಸ್ಸಿನವರಿಂದಲೇ. ನಮ್ಮ ಕಡೆ ಕಂಡಕ್ಟರುಗಳಿಗೆ ಟಿಕೆಟ್ ಹರಿಯುವುದಕ್ಕಿಂತ ಬಸ್ಸಿನಲ್ಲಿ ಯಾವ ಹಾಡು ಹಾಕಬೇಕೆಂಬ ಚಿಂತೆಯೇ ದೊಡ್ಡದು. ಹಾಡು ತುಂಬಿದ ಪೆನ್ ಡ್ರೈವ್ ಈ ಬಸ್ಸಿನಿಂದ ಆ ಬಸ್ಸಿಗೆ ಕೈ ಬದಲಾಯಿಸುತ್ತಲೇ ಇರುತ್ತಿತ್ತು. ಆಯುಧಪೂಜೆ ಹತ್ತಿರ ಬಂದಾಗ ಬಸ್ಸಿಗೆ ಬಾಳೆಕಂಬದಷ್ಟೇ ಹೊಸ ಹಾಡೂ ಬೇಕೇ ಬೇಕು. ಎಲ್ಲರೂ ನನ್ನ ಅಂಗಡಿಗೇ ಬಂದು, "ಅಕ್ಕಾ, ಒಂಚೂರು ಹಾಡು ತುಂಬ್ಕೊಡಿ" ಎಂದು ಚುಚ್ಚಿ ತೆಗೆದು ಚುಚ್ಚಿ ತೆಗೆದು ಮಾಡಿದರು. ಹಬ್ಬದ ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ನೋಡಿದರೆ ನನ್ನ ಫೋಲ್ಡರುಗಳೆಲ್ಲ ಸಣ್ಣ ಬಾಣದ ಗುರುತು ಹೊತ್ತ ಶಾರ್ಟ್‌ಕಟ್‌ಗಳಾಗಿ ನಿಂತಿದ್ದವು. ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ. ವೈರಸ್ ಬಂದಿದೆ, ಹಬ್ಬ ಮುಗಿಯಲಿ ನೋಡೋಣ ಎಂದುಕೊಂಡೆ. ಹಬ್ಬದ ಮರುದಿನ ಸ್ವಿಚ್ ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಉದ್ದಕ್ಕೆ ಪೀಂ ಪೀಂ ಎಂಬ ಸದ್ದು.

ಊರಿನ ರಿಪೇರಿಯವರು ಬಂದು ನೋಡಿ, "ವೈರಸ್ ಪೂರಾ ತಿಂದ್‌ಹಾಕಿದೆ ಕಣಕ್ಕ. ಫಾರ್ಮ್ಯಾಟ್ ಹೊಡೀಬೇಕು" ಎಂದರು. ಫಾರ್ಮ್ಯಾಟ್ ಎಂದರೆ ಏನು ಎಂದು ಅಪ್ಪ ಕೈ ಸನ್ನೆಯಲ್ಲೇ ಕೇಳಿದರು. ಎಲ್ಲ ಒರೆಸಿ ಹೊಸದು ಹಾಕುವುದು ಎಂದೆ. ಅಪ್ಪ ಎದ್ದು ಬಂದವರೇ ಕಂಪ್ಯೂಟರಿನ ಮೇಲೆ ತಮ್ಮ ಎರಡೂ ಕೈ ಇಟ್ಟುಕೊಂಡು ನಿಂತುಬಿಟ್ಟರು. ಹೊರಗೆ ಜಡೆಯ ಬಸ್ಸು ಕೂಗುವವರಿಲ್ಲದೆ ಹೊರಟುಹೋಯಿತು. ಆ ಒಂದು ಗಳಿಗೆಯಷ್ಟು ಹೆದರಿಕೆ ನನಗೆ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಕಂಪ್ಯೂಟರನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಶಿಕಾರಿಪುರದ ಬಸ್ಸು ಹತ್ತಿದೆ. ಅದರ ಹಣೆಗೆ ಹಬ್ಬದ ವಿಭೂತಿ, ಒಂದು ಬಾಡಿದ ಚೆಂಡುಹೂವು ಹಾಗೇ ಇದ್ದವು. ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಮೇಡಂ ಎಂದಿನಂತೆ ನೀರು ಕೊಟ್ಟರು, ವಿಚಾರಣೆ ಶುರು ಮಾಡಿದರು. ಹಾಡಿನ ಪೆನ್ ಡ್ರೈವಿನ ಕಥೆ ಕೇಳಿ ತಲೆ ಚಚ್ಚಿಕೊಂಡರು. "ಕಾಪಿ ಎಲ್ಲಿ ಇಟ್ಟೀಯವ್ವಾ?" ಎಂದರು. "ಇದರೊಳಗೇ ಇನ್ನೊಂದು ಫೋಲ್ಡರಿನಲ್ಲಿ ಮೇಡಂ" ಎಂದೆ. "ಶಾಣ್ಯಾಕಿ! ಮನಿಗೆ ಬೆಂಕಿ ಬಿದ್ದೀತು ಅಂತ ಅಡಿಗಿಮನಿ ಸಾಮಾನು ನಡುಮನ್ಯಾಗ ಇಟ್ಟಂಗಾತು" ಎಂದು ಗಹಗಹಿಸಿದರು. ನಗುತ್ತಲೇ ಪಕ್ಕದ ಹಲಗೆ ಬಿಚ್ಚಿ, ಬೇರೆ ಯಾವುದಕ್ಕೂ ಕೈ ಹಾಕದೆ, ಹಾರ್ಡ್ ಡಿಸ್ಕನ್ನು ಮಾತ್ರ ಹೊರತೆಗೆದರು.

ಅದನ್ನು ತಮ್ಮ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರು. ಅದರಲ್ಲಿ ಬೇರೆಯೇ ಸಿಸ್ಟಮ್ ಇದೆ, ಈ ವೈರಸ್ಸಿನ ಆಟ ಅಲ್ಲಿ ನಡೆಯುವುದಿಲ್ಲ ಎಂದರು. ಫೋಲ್ಡರ್ ತೆರೆದರೆ ಮತ್ತೆ ಅವೇ ಬಾಣದ ಗುರುತುಗಳು. ನನ್ನ ಕಣ್ಣು ತುಂಬಿತು. ಅವರು ತಿರುಗಿಯೂ ನೋಡದೆ, "ಅಳಬ್ಯಾಡ. ಕಳ್ಳ ಕದ್ದಿಲ್ಲ, ಮುಚ್ಚಿಟ್ಟಾನ ಅಷ್ಟ" ಎನ್ನುತ್ತ, ಮರೆಮಾಡಿದ ಫೈಲುಗಳನ್ನೂ ತೋರಿಸುವಂತೆ ಕಂಪ್ಯೂಟರಿಗೆ ಹೇಳುವ ಕೀಲಿ ಒತ್ತಿದರು. ಮಸುಕಾಗಿ ಒಂದೊಂದೇ ಫೋಲ್ಡರು ಮೇಲೆದ್ದು ಬಂತು. ಜಡೆ, ಉಳವಿ, ಸಾಗರ, ಶಿರಾಳಕೊಪ್ಪ... ಒಂದನ್ನು ಒತ್ತಿದರು. ಆ ಬೆಂಚುಗಳ ನಡುವೆ ಅಪ್ಪ ಕೂಗಿದರು. ಟೈಪ್ ಮಾಡುತ್ತಿದ್ದ ಹುಡುಗಿಯರೆಲ್ಲ ಬಸ್ಸು ಎಲ್ಲಿ ಬಂತೆಂದು ಕಿಟಕಿ ಕಡೆ ನೋಡಿದರು.

ಎಲ್ಲವನ್ನೂ ಸಿಡಿಗೆ ಹಾಕುತ್ತಿದ್ದಾಗ ಕತ್ತರಿಸದ ಮೂಲ ರೆಕಾರ್ಡಿಂಗೂ ಸಿಕ್ಕಿತು. "ಇದು ಬ್ಯಾಡ ತಗಿ. ಇದ್ರಾಗ ನಂದಾ ಗದ್ದಲ ಐತಿ, ಸುಮ್ನ ಜಾಗ ಹಿಡೀತೈತಿ" ಎಂದರು. ಇರಲಿ ಮೇಡಂ ಎಂದೆ. ನಿನ್ನಿಷ್ಟ ಎಂಬಂತೆ ಭುಜ ಹಾರಿಸಿದರು.

ಆಮೇಲೆ ಡಿಸ್ಕಿನ ವೈರಸ್ ತೊಳೆದು ಮತ್ತೆ ಜೋಡಿಸಿದರು. "ಈಗ ನೋಡು, ತವರಮನೀಗೆ ಹೊಂಟಾಕಿಯಂಗ ಏಳತೈತಿ" ಎಂದು ಸ್ವಿಚ್ ಒತ್ತಿದರು. ಪೀಂ ಪೀಂ. ಮೇಡಂ ಮುಖ ಗಂಟಿಕ್ಕಿದರು. ತಾವು ಅಂದದ್ದು ಸುಳ್ಳಾಗುವುದು ಅವರಿಗೆ ಅಭ್ಯಾಸವಿರಲಿಲ್ಲ. ಮತ್ತೆ ವಿಚಾರಣೆಗೆ ಕೂತರು. ಕಂಪ್ಯೂಟರಿನ ಹಣೆಯ ವಿಭೂತಿಯ ಕಡೆ ಬೆರಳು ಮಾಡಿ, "ಪೂಜಿ ಹೆಂಗ್ ಮಾಡಿದ್ರಿ?" ಎಂದರು. ನಾನು ನಡೆದದ್ದನ್ನು ಹೇಳಿದೆ. ಹೊರಗೆ ವಿಭೂತಿ ಹಚ್ಚಿ, ಹೂವಿಟ್ಟು, ಕುಂಕುಮ ಹಚ್ಚಲು ಹೋದಾಗ ಅಪ್ಪ ತಡೆದಿದ್ದರು. ಹಲಗೆ ಬಿಚ್ಚು ಎಂದು ಸನ್ನೆ ಮಾಡಿ, ತಮ್ಮ ಗಂಟಲು ಮುಟ್ಟಿಕೊಂಡು, ಕಂಪ್ಯೂಟರಿನ ಒಳಗಡೆ ತೋರಿಸಿದ್ದರು. ದನಿ ಇರುವುದು ಒಳಗೆ, ಪೂಜೆಯೂ ಒಳಗೇ ಆಗಬೇಕು ಎಂದು ಅವರ ಲೆಕ್ಕ. ತಾವೇ ಕೈಯಾರೆ ಕುಂಕುಮ, ಅಕ್ಷತೆ ಹಾಕಿದ್ದರು.

ಇಂಥದ್ದಕ್ಕೆ ಮೇಡಂ ಇನ್‌ಸ್ಟಿಟ್ಯೂಟ್ ಹಾರಿಹೋಗುವಂತೆ ನಗಬೇಕಿತ್ತು. ನಗಲಿಲ್ಲ. ಹಲಗೆಯನ್ನು ಮತ್ತೆ ಬಿಚ್ಚಿದರು. ಆಮೇಲೆ ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು ಮೆಲ್ಲಗೆ ಎಳೆದರು. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆಲ್ಲ ಕುಂಕುಮ. ಅದು ಕೂರುವ ಸಂದಿಯಲ್ಲಿ ಒಂದು ಅಕ್ಷತೆ ಕಾಳು. ಪೀಂ ಪೀಂ ಎನ್ನುತ್ತಿದ್ದದ್ದು ಇದಕ್ಕೇ. ಕಾಳನ್ನು ಸೂಜಿಯಿಂದ ತೆಗೆದರು, ಸಂದಿಯನ್ನು ಒಣ ಬ್ರಷ್ಷಿನಿಂದ ಗುಡಿಸಿದರು. ಡ್ರಾಯರಿನಿಂದ ಒಂದು ಸೆಂಟ್ ರಬ್ಬರ್ ತೆಗೆದು ಆ ಹಲ್ಲುಗಳನ್ನು ಹಗುರಾಗಿ ಉಜ್ಜತೊಡಗಿದರು. ಕೋಣೆಯೆಲ್ಲ ಸ್ಟ್ರಾಬೆರಿ ವಾಸನೆ. ಪಟ್ಟಿಯನ್ನು ಮತ್ತೆ ಕೂರಿಸಿ ಸ್ವಿಚ್ ಒತ್ತಿದರೆ ಈ ಸಲ ಸದ್ದಿಲ್ಲದೆ ಪರದೆ ಬೆಳಗಿತು. ವೈರಸ್ ಕೆಡಿಸಿಟ್ಟಿದ್ದ ಸಿಸ್ಟಮ್ ಫೈಲುಗಳನ್ನು ತಮ್ಮಲ್ಲಿದ್ದ ಬೇರೊಂದು ಸಿಡಿಯಿಂದ ಸರಿಮಾಡಿದ ಮೇಲೆ ಕಂಪ್ಯೂಟರು ಪೂರ್ತಿ ಎದ್ದು ಕೂತಿತು.

"ಮುಂದಿನ ವರ್ಷ ಹೊರಗ ಹಚ್ಚಾಕ ಹೇಳು ನಿಮ್ಮಪ್ಪಾರಿಗೆ" ಎಂದರು ಬೀಳ್ಕೊಡುವಾಗ. "ಒಳಗ ಏನೈತಿ ಅಂತ ದೇವ್ರಿಗೆ ಗೊತ್ತೈತಿ."

ಈಗ ನಾನೂ ರಿಪೇರಿ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ನೀರು ಕೊಟ್ಟು, ಕೂರಿಸಿ, ಮೊದಲು ಎಲ್ಲ ಕೇಳುತ್ತೇನೆ. ಡಿಸ್ಕಿನಲ್ಲಿರುವುದನ್ನು ಉಳಿಸಿಕೊಳ್ಳದೆ ಫಾರ್ಮ್ಯಾಟ್ ಎಂಬ ಮಾತನ್ನೇ ಎತ್ತುವುದಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾದವು. ಮೇಡಂ ಕೂಡ ಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಶಿಕಾರಿಪುರಕ್ಕೆ ಹೋದರೆ ಅವರ ಬೆಂಚುಗಳಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅವರ ಫೋಟೋ ಒಂದೂ ನನ್ನ ಬಳಿ ಇಲ್ಲ. ಫೋಟೋ ಎಂದರೆ ಸೆರಗು ಮರೆ ಮಾಡಿಕೊಂಡು ಓಡುತ್ತಿದ್ದರು.

ರಬ್ಬರಿನ ಡಬ್ಬ ಹಾಗೇ ತೆರೆದಿಟ್ಟು, ಆ ಕತ್ತರಿಸದ ರೆಕಾರ್ಡಿಂಗನ್ನು ಹುಡುಕಿ ಹಾಕಿದೆ. ಇಷ್ಟು ವರ್ಷ ಅಪ್ಪನ ದನಿ ಬೇಕಾದಾಗೆಲ್ಲ ಶುರುವಿನ ಭಾಗವನ್ನು ದಾಟಿಸಿಯೇ ಕೇಳುತ್ತಿದ್ದೆ. ಈ ಸಲ ಮೊದಲಿನಿಂದ ಕೇಳಿದೆ. ಶಟರ್ ಎಳೆದ ಸದ್ದು, ಯಾವುದೋ ಬಸ್ಸಿನ ಹಾರ್ನು, ಅಪ್ಪನ ಕೆಮ್ಮು. ಆಮೇಲೆ ಮೇಡಂ...

"ಹೆದರಬ್ಯಾಡ್ರಿ ಏಜೆಂಟ್ರೇ. ಬಸ್ ಬಂದು ನಿಂತೈತಿ ಅನ್ಕೊಳ್ರಿ. ನಾ ಇಲ್ಲೇ ಅದೀನಿ. ಹೂಂ, ಕೂಗ್ರಿ."

ಅಪ್ಪ ಕೂಗುವ ಮೊದಲೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದೆ.