ರಜಿಯಾ ಹೇಳಿದ ಹಾಜರಿ

1997ರಲ್ಲಿ ನಾನು ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ಒಂದು ಹಳ್ಳಿಯಲ್ಲಿ, ಏಳನೇ ತರಗತಿವರೆಗಿನ ಸರ್ಕಾರಿ ಶಾಲೆಯ ಮುಖ್ಯಗುರುವಾಗಿದ್ದೆ. ಆ ಜೂನ್‌ನಲ್ಲಿ ಹುಮನಾಬಾದಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ಮಗಳು ಸ್ನೇಹಾಳ ವರ್ಗಾವಣೆ ಪತ್ರ ಹಿಡಿದು ಬಂದರು. ಹೆಸರು ನಮ್ಮಲ್ಲಿ ಮೂರನೇ ತರಗತಿಗೆ ಇರಬೇಕು, ಹುಡುಗಿ ಓದುವುದು ಮಾತ್ರ ಬಸವಕಲ್ಯಾಣದ ಇಂಗ್ಲಿಷ್ ಶಾಲೆಯಲ್ಲಿ ಎಂದರು.

ಕಾರಣವಿತ್ತು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುವ ಸರ್ಕಾರಿ ವಸತಿ ಶಾಲೆಯೊಂದಿತ್ತು. ಹನ್ನೆರಡನೆಯವರೆಗೆ ಊಟ, ವಸತಿ, ಪುಸ್ತಕ ಎಲ್ಲ ಪುಕ್ಕಟೆ, ಪಾಠವೂ ಚೆನ್ನ. ಮೂರರಿಂದ ಐದರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅಲ್ಲಿ ಹೆಚ್ಚಿನ ಸೀಟು ಮೀಸಲು. ಓದಿದ್ದಕ್ಕೆ ಸಾಕ್ಷಿ ಮುಖ್ಯಗುರುವಿನ ಸಹಿ.

ನಾನು ಹೆಸರು ಬರೆದುಕೊಂಡೆ. ಹಿಂದಿನ ವರ್ಷ ಅಂಕ ಸಾಲದ ನನ್ನ ಮಗನಿಗೆ ವಿಜ್ಞಾನ ಕಾಲೇಜಿನಲ್ಲಿ ಸೀಟು ಕೊಡಿಸಿದ್ದು ಇದೇ ಸಾಹುಕಾರರ ಒಂದು ಚೀಟಿ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಗೇಡಿನ ಮಾತು, ಬಿಡಿ.

ಪುಸ್ತಕದಲ್ಲಿ ದಿನವೂ ಹಾಜರಿ ಹಾಕುವುದು ಸುಲಭ. ತಪಾಸಣೆಗೆ ಬಂದವರು ಹೆಸರು ಕರೆದರೆ ಯಾರಾದರೂ ಎದ್ದು ನಿಲ್ಲಬೇಕಲ್ಲ? ಅದಕ್ಕೆ ನಾನು ಆರಿಸಿದ್ದು ದರ್ಜಿ ಖಾಸಿಮ್ ಸಾಬರ ಮಗಳು ರಜಿಯಾಳನ್ನು. ತರಗತಿಗೇ ಚುರುಕು, ಹೆದರುವವಳಲ್ಲ. ತಂದೆಯ ಹೆಸರು ಕೇಳಿದರೆ ಏನು ಹೇಳಬೇಕೆಂಬುದನ್ನೂ ಕಲಿಸಿದೆ. ಬಂದವರು ನಾಲ್ಕೈದು ಹೆಸರು ಕರೆದು, ಚಹಾ ಕುಡಿದು ಹೋಗುತ್ತಿದ್ದರು. ಆಕೆ ಒಮ್ಮೆಯೂ ತಡವರಿಸಲಿಲ್ಲ.

ಐದನೇ ತರಗತಿಯಲ್ಲಿ ಇಬ್ಬರೂ ಪ್ರವೇಶ ಪರೀಕ್ಷೆ ಬರೆದರು. 2000ದ ಮಾರ್ಚ್‌ನಲ್ಲಿ ಪಟ್ಟಿ ಬಂತು. ನಮ್ಮ ಭಾಗದ ಹಳ್ಳಿ ಸೀಟುಗಳಲ್ಲಿ ಕೊನೆಯದು ಸ್ನೇಹಾಳಿಗೆ. ಸೀಟು ಖಾಲಿಯಾದರೆ ಕರೆಯಬೇಕಾದವರಲ್ಲಿ ಮೊದಲ ಹೆಸರು ರಜಿಯಾ. ಪಟ್ಟಿಯನ್ನು ನಾನು ಯಾರಿಗೂ ತೋರಿಸಲಿಲ್ಲ. ಕಾಯುವವರಲ್ಲಿ ರಜಿಯಾಳದು ಮೊದಲ ನಂಬರು ಎಂದಷ್ಟೇ ಅವರ ಮನೆಗೆ ಹೇಳಿ ಕಳಿಸಿದೆ.

ಖಾಸಿಮ್ ಸಾಬರು ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಓಡಿ ಬಂದರು. ಏಳನೆಯದು ಮುಗಿದರೆ ಹುಮನಾಬಾದಿಗೆ ಹೋಗಬೇಕು, ಒಬ್ಬಳನ್ನೇ ಬಸ್ಸಿಗೆ ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ, ಅಲ್ಲೇ ಇದ್ದು ಓದುವ ಶಾಲೆಯೆಂದರೆ ಅಜ್ಜಿಯೂ ಹೂಂ ಅಂದಿದ್ದಾಳೆ ಎಂದರು.

"ಸರ್ರ, ಸೀಟ್ ಸಿಕ್ಕವ್ರು ಯಾರರೆ ಬಿಟ್ರ ನಮ್ಮ ರಜಿಯಾಗ ಸಿಗ್ತದೇನ್ರಿ?"

ನೋಡೋಣ ಎಂದೆ.

ಆ ವಾರವೇ ಜಿಲ್ಲೆಯಿಂದ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ಯಾರೋ ಮೂಗರ್ಜಿ ಬರೆದಿದ್ದರಂತೆ. ನೇರ ಐದನೇ ತರಗತಿಗೆ ಹೋಗಿ, "ಸ್ನೇಹಾ ಯಾರು?" ಎಂದರು. ಸಿಕ್ಕಿಬಿದ್ದೆ ಅಂದುಕೊಂಡೆ. ಮರುಕ್ಷಣ, ನಿಜ ಹೇಳುತ್ತೇನೆ, ಹಗುರವೂ ಆಯಿತು. ಪ್ರತಿ ತಪಾಸಣೆಗೆ ಮುಂಚೆ ರಜಿಯಾಳಿಗೆ ಹೇಳಿಡುತ್ತಿದ್ದೆ, ಈ ಸಲ ಹೇಳಿರಲಿಲ್ಲ. ಯಾರೂ ಏಳುವುದಿಲ್ಲ, ಸುಳ್ಳು ತಾನಾಗಿ ಬಯಲಾಗುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ.

ರಜಿಯಾ ಎದ್ದು ನಿಂತಳು. "ಹಾಜರ್ ಸರ್."

ತಂದೆಯ ಹೆಸರು ಕೇಳಿದರು. ಸಾಹುಕಾರರ ಹೆಸರು ಹೇಳಿದಳು. ಅಧಿಕಾರಿ ನನ್ನ ಕಡೆ ತಿರುಗಿದರು. ಇವಳು ರಜಿಯಾ ಎಂದಿದ್ದರೆ ಆ ಸೀಟು ಅವಳದಾಗುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸಹಿ ಮಾಡಿ ಜೀಪು ಹತ್ತಿದರು.

ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಮುಖದ ತುಂಬ ನಗು. "ಬರೋಬರ್ ಹೇಳಿದ್ನೇನ್ರಿ ಸರ್?"

"ಬರೋಬರ್ ಹೇಳಿದಿ" ಎಂದೆ.

ಸ್ನೇಹಾ ವಸತಿ ಶಾಲೆಗೆ ಹೋದಳು. ರಜಿಯಾಳ ಓದು ಏಳಕ್ಕೆ ನಿಂತಿತು. 2006ರಲ್ಲಿ ನಿವೃತ್ತಿಯ ದಿನಕ್ಕೊಂದು ಅಂಗಿ ಹೊಲಿಸಲು ಖಾಸಿಮ್ ಸಾಬರ ಅಂಗಡಿಗೆ ಹೋದೆ. ಅವರು ಅದೇ ಆದರದಿಂದ ಕುರ್ಚಿ ಒರೆಸಿ ಕೂರಿಸಿದರು. ಮಗಳ ಓದಿನ ಮಾತು ಬಂದಾಗ, "ಆಕಿ ನಸೀಬ್ರಿ ಸರ್ರ, ನಿಮ್ದೇನ್ ತಪ್ಪದ" ಎಂದರು. ಒಳಗೆ ಮಷಿನ್ನಿನ ಮುಂದೆ ಕೂತಿದ್ದ ರಜಿಯಾ ತಲೆ ಎತ್ತಲಿಲ್ಲ. ತಾನು ಹಾಜರಿ ಹೇಳಿದ ಹೆಸರಿಗೇ ಆ ಸೀಟು ಹೋಯಿತೆಂದು ಅವಳಿಗೆ ತಿಳಿದಿದೆ ಎಂದು ನನಗೆ ಆಗ ಗೊತ್ತಾಯಿತು.

ಈ ನೌಕರಿ ನನಗೆ ಕಲಿಸಿದ್ದು ಇಷ್ಟು: ಚೀಟಿಯಿಂದ ಸಿಗುವ ಸೀಟು ಆಕಾಶದಿಂದ ಉದುರುವುದಿಲ್ಲ, ಇನ್ನೊಂದು ಮಗುವಿನ ಕೈಯಿಂದ ಬರುತ್ತದೆ. ಕಲಿತು ಏನು ಬಂತು? ಯಾವುದನ್ನೂ ತಿರುಗಿ ಕೊಡಲಾಗಲಿಲ್ಲ. ನನ್ನ ಮಗ ಈಗ ಎಂಜಿನಿಯರ್. ತನ್ನ ಓದಿನಿಂದಲೇ ಮುಂದೆ ಬಂದೆನೆಂದು ತನ್ನ ಮಕ್ಕಳಿಗೆ ಹೇಳುತ್ತಾನೆ. ಮೊಮ್ಮಕ್ಕಳ ಜೊತೆ ಕೂತು ನಾನೂ ಕೇಳುತ್ತೇನೆ. ರಜಿಯಾಳ ಹೆಸರಾದರೂ ನನಗೆ ಗೊತ್ತು. ಅವನ ಸೀಟು ಯಾರದಾಗಿತ್ತೋ, ಆ ಹೆಸರೂ ಗೊತ್ತಿಲ್ಲ.