ನೊಣ ಬೇಡಲು ಹೋದ ಬನ್ನಿನ ಮಾವ

ಬೀದಿಯವರೆಲ್ಲ ಅವರನ್ನು ಬನ್ನಿನ ಮಾವ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಬೆವರು ಸುರಿಸಿದ ಮನುಷ್ಯ. ಮಾತು ಬೆಣ್ಣೆ, ಆದರೆ ನೊಣ ಕಂಡರೆ ಪಿತ್ತ ನೆತ್ತಿಗೇರುತ್ತಿತ್ತು. ಬಿಸಿ ತಟ್ಟೆ ಒಲೆಯಿಂದ ಹೊರಬಂದು ಆರಿತೋ ಇಲ್ಲವೋ, ಮೇಲೆ ಬಲೆ ಬಿದ್ದಿರಬೇಕು. ಬೇಕರಿಯೊಳಗೆ ಒಂದು ನೊಣ ನುಗ್ಗಿದರೂ ಗಿರಾಕಿಯನ್ನು ಅಲ್ಲೇ ಬಿಟ್ಟು ಅದನ್ನು ಬೀದಿಯವರೆಗೆ ಅಟ್ಟಿಕೊಂಡು ಹೋಗುತ್ತಿದ್ದರು. ಹೋದವರು ಸುಮ್ಮನೆ ಬರುತ್ತಿರಲಿಲ್ಲ, ಎದುರಿನ ಮೀನಿನಂಗಡಿಯ ಅಕ್ಕನಿಗೆ ನಾಲ್ಕು ಮಾತು ಅಂದೇ ಬರುತ್ತಿದ್ದರು. ಅವರಿಬ್ಬರದು ಹದಿನೆಂಟು ವರ್ಷದ ಎಣ್ಣೆ ಸೀಗೇಕಾಯಿ ಸಂಬಂಧ.

ಇಂಥವರು ಕಳ್ಳಿ ಬೆಳೆಸಲು ಹೊರಟದ್ದು ಡಾಕ್ಟರ ದೆಸೆಯಿಂದ. ತೂಕ ಇಳಿಸಿ ಎಂದು ಡಾಕ್ಟರು ಹೇಳಿದರು. ದಿನವಿಡೀ ಬನ್ನಿನ ನಡುವೆ ನಿಲ್ಲುವವನಿಗೆ ಇದೆಂಥ ಶಿಕ್ಷೆ! ಆಗ ಲಾರಿ ಓಡಿಸುವ ಭಾವಮೈದುನ ಮರುಭೂಮಿಯ ದಾರಿಯಿಂದ ಹನ್ನೊಂದು ಬೀಜ ತಂದುಕೊಟ್ಟ. "ಆ ಕಡೆ ಕುರಿ ಕಾಯೋರು ಇದರ ತುಂಡು ಅಗ್ಕೊಂಡು ದಿನವೆಲ್ಲ ನಡೀತಾರಂತೆ ಭಾವ. ಹಸಿವೇ ಆಗಲ್ವಂತೆ."

ಮಾವ ನಾದಿದ ಹಿಟ್ಟನ್ನು ನೋಡಿಕೊಳ್ಳುವಂತೆಯೇ ಸಸಿಗಳನ್ನೂ ನೋಡಿಕೊಂಡರು. ಒಣಗೀತೆಂದು ಹೊತ್ತು ಹೊತ್ತಿಗೆ ನೀರು ಚಿಮುಕಿಸಿದರು. ನೀರು ಹೆಚ್ಚಾಗಿ ಒಂಬತ್ತು ಕೊಳೆತು ಹೋದವು. ಉಳಿದೆರಡನ್ನು ತಾರಸಿಯ ಮೇಲೆ, ಒಲೆಯ ಹೊಗೆಕೊಳವೆಯ ಪಕ್ಕ, ಚಳಿಯಲ್ಲೂ ಬೆಚ್ಚಗಿರುವ ಜಾಗದಲ್ಲಿಟ್ಟರು. ಆರು ವರ್ಷಕ್ಕೆ ಅವು ಗೇಣುದ್ದ ಬೆಳೆದವು. ಅಷ್ಟರಲ್ಲಿ ಮಾವನಿಗೆ ಅವುಗಳ ಮೇಲೆ ಎಂಥ ಅಕ್ಕರೆ ಬಂದಿತ್ತೆಂದರೆ ಕತ್ತರಿಸಲು ಕೈಯೇ ಏಳಲಿಲ್ಲ.

"ತಿನ್ನೋಕೆ ಅಂತ ಬೆಳೆಸಿ ಈಗ ಮುದ್ದು ಮಾಡ್ತಾ ಕೂತಿದೀರಲ್ರೀ," ಎಂದಳು ಹೆಂಡತಿ. "ಒಂದು ಚೂರಾದ್ರೂ ಕುಯ್ಯಿರಿ."

"ಅದಕ್ಕೆ ನೋವಾಗಲ್ವೇನೇ?" ಎನ್ನುತ್ತ ಮಾವ ಇನ್ನೊಂದು ಬನ್ನು ಬಾಯಿಗಿಟ್ಟರು.

ಏಳನೆಯ ವರ್ಷ ಎರಡೂ ಗಿಡ ಮೊಗ್ಗು ಬಿಟ್ಟವು. ತಟ್ಟೆಯಗಲದ ಹೂವು ಅರಳಿದ್ದೇ ತಡ, ತಾರಸಿಯಲ್ಲಿ ಇಲಿ ಸತ್ತಿದೆಯೆಂದು ಹೆಂಡತಿ ಮೂಲೆ ಮೂಲೆ ಹುಡುಕಿದಳು. ವಾಸನೆ ಹೂವಿನದೆಂದು ತಿಳಿದಾಗ ಮಾವ ಮೂವತ್ತು ವರ್ಷದ ಅಭ್ಯಾಸದಂತೆ ಮೊದಲು ಮಾಡಿದ್ದು ಒಂದೇ ಕೆಲಸ: ನೊಣ ಮುತ್ತೀತೆಂದು ಎರಡು ಕುಂಡಕ್ಕೂ ಬಲೆ ಹೊದಿಸಿದರು. ಹೂವು ಬಾಡಿ ಉದುರಿದವು. ಕಾಯಿ ಕಟ್ಟಲಿಲ್ಲ. ಅದೇ ವಾರ ದೊಡ್ಡ ಗಿಡದ ಬುಡ ಮೆತ್ತಗಾಗಿ ಕಂದು ತಿರುಗಿತು. ಭಾವಮೈದುನ ಲಾರಿ ಬಿಟ್ಟು ಬಹಳ ಕಾಲವಾಗಿತ್ತು. ಇನ್ನು ಬೀಜ ತರುವವರು ಯಾರೂ ಇರಲಿಲ್ಲ.

ಬ್ರೆಡ್ಡಿಗೆ ಬಂದ ಸಸ್ಯಶಾಸ್ತ್ರದ ಮೇಷ್ಟ್ರು ತಾರಸಿ ಹತ್ತಿ ನೋಡಿ ಹಣೆ ಚಚ್ಚಿಕೊಂಡರು. "ಬಲೆ ಹಾಕಿದವರು ಯಾರ್ರೀ? ಈ ಹೂವು ನಾರೋದೇ ನೊಣ ಕರೆಯೋಕೆ. ಈ ಗಿಡದ ಪರಾಗ ಆ ಗಿಡಕ್ಕೆ ನೊಣಾನೇ ಒಯ್ಯಬೇಕು. ದೊಡ್ಡದು ಈ ಸಲ ಹೂ ಬಿಟ್ಟರೆ ಬಿಟ್ಟಿತು, ಮುಂದಿನ ಸಲಕ್ಕೆ ಉಳಿಯಲ್ಲ."

ಒಂದೊಂದು ಗಿಡದಲ್ಲಿ ಇನ್ನೂ ಎರಡೆರಡು ಮೊಗ್ಗಿದ್ದವು. ಮಾವ ಬಲೆ ಕಿತ್ತೆಸೆದು ಕಾದರು. ಹೂವು ಅರಳಿ ಗಬ್ಬೆದ್ದು ನಾರಿತು. ನೊಣ ಮಾತ್ರ ಒಂದೂ ಬರಲಿಲ್ಲ. ಎಲ್ಲಿಂದ ಬಂದೀತು? ಫಿನಾಯಿಲು ಸುರಿದು, ಬಡಿದು, ಅಟ್ಟಿ, ಆ ಕಟ್ಟಡದ ದಾರಿಯನ್ನೇ ನೊಣಗಳು ಮರೆಯುವಂತೆ ಮಾಡಿದ್ದವರು ಇವರೇ ಅಲ್ಲವೇ! ಮಾವನಿಗೆ ಕಣ್ಣಲ್ಲಿ ನೀರು ಬಂತು.

"ಕೆಲಸ ಆಗಬೇಕಾದ್ರೆ ಕತ್ತೆ ಕಾಲೂ ಹಿಡೀಬೇಕು," ಎಂದಳು ಹೆಂಡತಿ ಬೀದಿಯ ಎದುರು ಸಾಲಿನತ್ತ ಕಣ್ಣು ಹಾಯಿಸಿ. "ಅವಳು ಕತ್ತೆಯೂ ಅಲ್ಲ, ಪಾಪ. ಹೋಗಿ."

ಕಂಕುಳಿಗೊಂದು ಕುಂಡವಿಟ್ಟುಕೊಂಡು ಮಾವ ಬೀದಿ ದಾಟಿದರು. ಮೀನಿನಕ್ಕ ಕತ್ತಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಏನು ಮಾವ, ಇವತ್ತು ಯಾವ ನೊಣ?"

"ಯಾವುದಾದರೂ ಆದೀತಮ್ಮ," ಎಂದರು ಮಾವ ತಲೆ ತಗ್ಗಿಸಿ, ಇದ್ದದ್ದನ್ನೆಲ್ಲ ಹೇಳಿದರು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕಪಕ್ಕದವರನ್ನು ಕರೆದು ಹೇಳಿ ಮತ್ತೆ ನಕ್ಕಳು. ಆಮೇಲೆ ಮೀನಿನ ಬುಟ್ಟಿ ಸರಿಸಿ ಎರಡೂ ಕುಂಡಕ್ಕೆ ಜಾಗ ಮಾಡಿದಳು. "ಅಲ್ಲ ಮಾವ, ನೀವೂ ನಾನೂ ಬದುಕಿರೋದೇ ಜನರ ಹಸಿವಿನಿಂದ. ಅದನ್ನೇ ಕೊಲ್ಲೋ ಗಿಡಾನ ಯಾಕೆ ಸಾಕ್ತೀರಿ?"

ಮಾವ ಕುಂಡಗಳನ್ನು ಮೆಲ್ಲಗೆ ಇಳಿಸಿಟ್ಟರು. "ಸಾಕಿಬಿಟ್ಟೆ ಕಣಮ್ಮ," ಎಂದರು.

ನೊಣ ಮುತ್ತಿ ಚಿಕ್ಕ ಗಿಡದಲ್ಲಿ ಕಾಯಿ ಕಟ್ಟಿತು, ಅದು ಬಲಿಯಲು ತಿಂಗಳುಗಳೇ ಹಿಡಿದವು. ಕುಂಡ ಅಲುಗಾಡಿಸಬೇಡಿ ಎಂದು ಮೇಷ್ಟ್ರು ಹೇಳಿದ್ದರಿಂದ ಮಾವ ದಿನಾ ಮಧ್ಯಾಹ್ನ ಅವಳ ಅಂಗಡಿಯಲ್ಲಿ ಮಗುಚಿದ ಡಬ್ಬದ ಮೇಲೆ ಕೂರತೊಡಗಿದರು. ದೊಡ್ಡ ಗಿಡ ಕೊಳೆತು ಒರಗಿತು. ಅಷ್ಟರಲ್ಲಿ ಚಿಕ್ಕದರಲ್ಲಿ ಜೋಡಿ ಕೊಂಬಿನಂಥ ಕಾಯಿ ದಪ್ಪಗಾಗಿತ್ತು. ಒಂದು ದಿನ ಟೀ ಕುಡಿಯುತ್ತಿರುವಾಗಲೇ ಅದು ಬಿರಿಯಿತು. ರೇಷ್ಮೆಯಂಥ ಎಳೆ ಹೊತ್ತ ಬೀಜಗಳು ಗಾಳಿಗೆ ಎದ್ದವು. "ಹಿಡೀರಿ! ಹಿಡೀರಿ!" ಎಂದು ಮಾವ ಕೂಗಿದರು, ಮೀನಿನ ಸಾಲಿಗೆ ಸಾಲೇ ಕೈಯೆತ್ತಿ ಓಡಿತು.

ಮಾವನ ಟೋಪಿಯಲ್ಲಿ ಏಳು ಬೀಜ ಸಿಕ್ಕಿದವು. ಮೀನಿನಕ್ಕ ಒದ್ದೆ ಅಂಗೈ ಬಿಡಿಸಿದಳು. ಅಲ್ಲಿ ಒಂಬತ್ತು ಅಂಟಿಕೊಂಡಿದ್ದವು. ಮಾವ ಕೈ ಚಾಚಿದರು. ಅವಳು ಮುಷ್ಟಿ ಮುಚ್ಚಿಕೊಂಡಳು.

"ಇವು ನನ್ನವು. ನನಗೂ ಒಂದು ಸಾಕಬೇಕು ಅನ್ನಿಸಿದೆ."

ತನ್ನದು ಸತ್ತರೂ ಬೀದಿಯಾಚೆ ಒಂದು ಬದುಕಿರುತ್ತದೆ ಎಂದು ಹೊಳೆದು ಮಾವನ ಜೀವ ಹಗುರಾಯಿತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ನೀರು ತೊಟ್ಟಿಕ್ಕುತ್ತಿದ್ದ ಅವಳ ಮುಷ್ಟಿಯನ್ನು ಗಾಬರಿಯಿಂದ ನೋಡಿದರು.

"ಇಟ್ಕೋ ತಾಯಿ. ಮೊದಲು ಕೈ ಒರೆಸಿಕೋ."